ಕುಡಿತದ ಲೆಕ್ಕ ಆಶಾ ಕೇಳಬೇಕೆ?

ಚಿಕ್ಕಜಾಲದಂಥ ಹೆದ್ದಾರಿ ಬದಿಯ ಊರುಗಳಲ್ಲಿ ನರ್ಸ್, ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೆ ಕುಡಿತದ ಬಗ್ಗೆ ವಿಚಾರಿಸಿ ಬುದ್ಧಿ ಹೇಳುವ ತರಬೇತಿ ಬೇಕೆ?

ಪರ

2008ರಲ್ಲಿ ಬೆಂಗಳೂರಿನ ಹೊಸ ವಿಮಾನ ನಿಲ್ದಾಣ ಶುರುವಾದ ಮೇಲೆ ಚಿಕ್ಕಜಾಲದ ಆಸುಪಾಸಿನ ಹೊಲಗಳು ಲೇಔಟಾದವು. ಟ್ಯಾಕ್ಸಿಯವರು, ಕಟ್ಟಡ ಕೆಲಸದವರು ಬಂದು ಸೇರಿದರು. ಮೈಕೈ ನೋವಿಗೆ ಅಂತ ದಿನಾ ಒಂದು ಕ್ವಾರ್ಟರ್ ಹಾಕುವವನು ತನ್ನನ್ನು ಕುಡುಕ ಎಂದುಕೊಳ್ಳುವುದಿಲ್ಲ. ಮಾನಸಿಕ ಆಸ್ಪತ್ರೆ ನಿಮ್ಹಾನ್ಸ್‌ಗಂತೂ ಹೋಗುವುದೇ ಇಲ್ಲ. ಹೊಟ್ಟೆ ಉರಿ, ಬಿಪಿ, ಬೈಕಿನಿಂದ ಬಿದ್ದ ಗಾಯ ಅಂತ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಬರುತ್ತಾನೆ. ಗಾಯಕ್ಕೆ ಹೊಲಿಗೆ ಬೀಳುತ್ತದೆ, ಕುಡಿತದ ಮಾತು ಬರುವುದಿಲ್ಲ. ಹೀಗಾಗಿಯೇ 2019ರ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ ಮದ್ಯದ ಚಟಕ್ಕೆ ಬಿದ್ದ 38 ಜನರಲ್ಲಿ ಒಬ್ಬರಿಗಷ್ಟೇ ಏನಾದರೂ ಚಿಕಿತ್ಸೆ ದಕ್ಕಿದೆ.

ಕೇಳುವುದು ಕಷ್ಟವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 'ಆಡಿಟ್' ಪಟ್ಟಿಯಲ್ಲಿರುವುದು ಹತ್ತೇ ಪ್ರಶ್ನೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವೈದ್ಯರಲ್ಲದ ಸಾಮಾನ್ಯರೇ ತರಬೇತಿ ಪಡೆದು ಆಪ್ತಸಮಾಲೋಚನೆ ಮಾಡಿದರು. ಮೂರು ತಿಂಗಳಲ್ಲಿ, ಅವರು ಮಾತಾಡಿಸಿದವರ ಪೈಕಿ ಶೇ 36ರಷ್ಟು ಜನರ ಕುಡಿತ ಅಪಾಯದ ಮಟ್ಟದಿಂದ ಇಳಿಯಿತು. ಹೀಗೆ ಮಾತಾಡಿಸದವರಲ್ಲಿ ಇಳಿದದ್ದು ಶೇ 26. ನಮಗೇನೂ ಇದು ಹೊಸದಲ್ಲ. ನಿಮ್ಹಾನ್ಸ್ 1970ರ ದಶಕದಲ್ಲೇ ಬೆಂಗಳೂರು ಹೊರವಲಯದ ಸಕಲವಾರದಲ್ಲಿ, ಆಮೇಲೆ ಬಳ್ಳಾರಿಯಲ್ಲಿ, ಊರಿನ ಆರೋಗ್ಯ ಸಿಬ್ಬಂದಿಗೆ ಮಾನಸಿಕ ಕಾಯಿಲೆ ಗುರುತಿಸುವುದನ್ನು ಕಲಿಸಿ ತೋರಿಸಿದೆ.

ವಿರೋಧ

ಗೋವಾದ ಲೆಕ್ಕವನ್ನೇ ಇನ್ನಷ್ಟು ನೋಡೋಣ. ಅಲ್ಲಿ ಮಾತಾಡಿಸಿದವರಿಗೆ ಆಪ್ತಸಮಾಲೋಚನೆಯೊಂದೇ ಕೆಲಸ, ಮೇಲೆ ಕಾಯಂ ಮೇಲ್ವಿಚಾರಣೆ. ಅಧ್ಯಯನಕ್ಕೆ ತೆಗೆದುಕೊಂಡದ್ದು ಚಟ ಇನ್ನೂ ಗಟ್ಟಿಯಾಗದವರನ್ನು. ಇಲ್ಲಿಯ ಆಶಾ ಗರ್ಭಿಣಿಯರ ಪಟ್ಟಿ, ಲಸಿಕೆ, ಡೆಂಗಿ ಸಮೀಕ್ಷೆ, ಆ್ಯಪ್ ತುಂಬುವುದು ಎಲ್ಲ ಮುಗಿಸಿ ಇದನ್ನೂ ಮಾಡಬೇಕು. 2025ರ ಜನವರಿಯ ಚಳಿಯಲ್ಲಿ ಗೌರವಧನಕ್ಕಾಗಿ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಿದ್ದವರು ಇವರೇ ಅಲ್ಲವೆ?

ಇನ್ನೊಂದು ಮಾತನ್ನು ತರಬೇತಿ ಬೇಕೆನ್ನುವವರು ಆಡುವುದೇ ಇಲ್ಲ. ಆಶಾ ಅಂದರೆ ಅದೇ ಬೀದಿಯ ಹೆಣ್ಣುಮಗಳು. 'ಅಣ್ಣಾ, ದಿನಾ ಎಷ್ಟು ಕುಡೀತೀಯ?' ಅಂತ ಅವಳು ಕೇಳಿದರೆ, ಹೆಂಡತಿಯೇ ಚಾಡಿ ಹೇಳಿದಳೆಂದು ರಾತ್ರಿ ಒದೆ ಬೀಳುವುದು ಯಾರಿಗೆ? ನಾಳೆ ಮಗುವಿನ ಲಸಿಕೆಗೆ ಆ ಮನೆಯ ಬಾಗಿಲು ತೆರೆಯುತ್ತದೆಯೆ?

ಅವನು ಮನಸ್ಸು ಮಾಡಿ ಬಿಟ್ಟನೆಂದೇ ಇಟ್ಟುಕೊಳ್ಳಿ. ಹಳೇ ಕುಡುಕ ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಕೈ ನಡುಗಿ, ಫಿಟ್ಸ್ ಬಂದು, ಬಡಬಡಿಸಿ ಪ್ರಾಣಕ್ಕೇ ಕುತ್ತಾಗಬಹುದು. ಆಗ ಚಿಕ್ಕಜಾಲದಿಂದ ಊರೆಲ್ಲ ದಾಟಿ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಓಡಬೇಕು.

2025–26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಎತ್ತುವ ಗುರಿ ಇಟ್ಟುಕೊಂಡ ಸರ್ಕಾರ, ಕುಡಿತ ಬಿಡಿಸುವ ಹೊಣೆಯನ್ನು ಮಾತ್ರ ಅತಿ ಕಡಿಮೆ ದುಡ್ಡು ಪಡೆಯುವವಳ ತಲೆಗೆ ಕಟ್ಟುವುದು ಸುಲಭದ ಉಪಾಯ. ಆ ಅಬಕಾರಿ ದುಡ್ಡಿನಲ್ಲೇ ಮೊದಲು ಯಲಹಂಕ ತಾಲ್ಲೂಕಿಗೆ ಸಂಬಳದ ಆಪ್ತಸಮಾಲೋಚಕರನ್ನು ನೇಮಿಸಲಿ, ಚಟ ಬಿಡುವವರಿಗೆಂದೇ ನಾಲ್ಕು ಹಾಸಿಗೆ ಹಾಕಲಿ. ಆಮೇಲೆ ಆಶಾಗೆ ಹತ್ತು ಪ್ರಶ್ನೆ ಕಲಿಸಿದರೆ ನಮ್ಮ ತಕರಾರಿಲ್ಲ.