ರೆಕಾರ್ಡ್ ಪ್ಲೇಯರ್: ಹಣ ಮೊದಲು ಎಲ್ಲಿಗೆ?
ರೆಕಾರ್ಡ್ ಪ್ಲೇಯರಿನ ದನಿ ಸುಧಾರಿಸಲು ತೆಗೆದಿಟ್ಟ ಹಣವನ್ನು ಟರ್ನ್‌ಟೇಬಲ್, ಟೋನ್‌ಆರ್ಮ್, ಸೂಜಿಯನ್ನು ಹಿಡಿದಿರುವ ಕಾರ್ಟ್ರಿಜ್, ಅದರ ಸಂಕೇತವನ್ನು ವರ್ಧಿಸುವ ಫೋನೋ ಪ್ರೀಆಂಪ್, ಆಂಪ್ಲಿಫೈಯರ್, ಸ್ಪೀಕರ್‌ಗಳಿಗೆ ಹಂಚಬೇಕಾಗುತ್ತದೆ. ಸ್ಕಾಟ್ಲೆಂಡಿನ ಲಿನ್ ಕಂಪನಿಯು 1970ರ ದಶಕದಿಂದಲೂ ಮೂಲ ಉಪಕರಣಕ್ಕೇ, ಅಂದರೆ ಟರ್ನ್‌ಟೇಬಲಿಗೇ, ಮೊದಲ ಪಾಲು ಎಂದು ವಾದಿಸುತ್ತ ಬಂದಿದೆ. ಗೀರಿನಿಂದ ಸೂಜಿ ಎತ್ತಿಕೊಳ್ಳದ ಸ್ವರವನ್ನು ಮುಂದಿನ ಯಾವ ಯಂತ್ರವೂ ಮರಳಿ ಕೊಡಲಾರದು ಎಂಬುದು ಅದರ ತರ್ಕ. ಮಾತು ಸರಿಯೇ, ಆದರೆ ಕೋಣೆಯಲ್ಲಿ ಎದ್ದು ಕೇಳುವ ವ್ಯತ್ಯಾಸ ತರುವುದು ಸ್ಪೀಕರ್; ಅದು ತೀರ ಸಾಧಾರಣವಾಗಿದ್ದರೆ ದುಬಾರಿ ಟರ್ನ್‌ಟೇಬಲಿನ ಗುಣ ಕಿವಿಗೆ ಮುಟ್ಟುವುದೇ ಇಲ್ಲ. ಕಾರ್ಟ್ರಿಜ್ ಬದಲಿಸುವಾಗ ಅದರ ಜೊತೆಗಾರರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಸಾಮಾನ್ಯವಾಗಿ 3ರಿಂದ 5 ಮಿಲಿವೋಲ್ಟ್ ಸಂಕೇತ ಕೊಟ್ಟರೆ, ಮೂವಿಂಗ್ ಕಾಯಿಲ್ ಬಗೆಯ ಹೆಚ್ಚಿನವು ಅರ್ಧ ಮಿಲಿವೋಲ್ಟಿನ ಆಸುಪಾಸಿನಲ್ಲಿರುತ್ತವೆ. ಎರಡನೆಯದನ್ನು ಕೊಳ್ಳುವವರು ಹೆಚ್ಚು ವರ್ಧನೆಯ, ಗದ್ದಲ ಕಡಿಮೆಯಿರುವ ಪ್ರೀಆಂಪಿಗೂ ಹಣ ಎತ್ತಿಡಬೇಕು. ಟೋನ್‌ಆರ್ಮಿನ ತೂಕವೂ ಕಾರ್ಟ್ರಿಜ್ಜಿಗೆ ಹೊಂದಬೇಕು. ಅಲಂಕಾರದ ಕೇಬಲ್‌ಗಳ ಸರದಿ ಕಟ್ಟಕಡೆಗೆ. ಇವೆಲ್ಲಕ್ಕೂ ಮೊದಲು ಟರ್ನ್‌ಟೇಬಲನ್ನು ಸಮತಟ್ಟಾಗಿ ಕೂರಿಸಿ, ಸೂಜಿಯ ಭಾರವನ್ನು ತಯಾರಕರು ಹೇಳಿದಷ್ಟಕ್ಕೆ, ಬಹುತೇಕ 2 ಗ್ರಾಂ ಹತ್ತಿರಕ್ಕೆ, ಹೊಂದಿಸಬೇಕು. ಸವೆದ ಸೂಜಿ ದನಿಯನ್ನಷ್ಟೇ ಅಲ್ಲ, ರೆಕಾರ್ಡನ್ನೂ ಕೆಡಿಸುತ್ತದೆ. ಆದ್ದರಿಂದ ಬಜೆಟ್ಟಿನ ಮೊದಲ ರೂಪಾಯಿ ಸವೆದ ಸೂಜಿಯನ್ನು ಬದಲಿಸುವುದಕ್ಕೇ ಸಲ್ಲಬೇಕು.