ಕೈಯಾಡಿಸದ ಹೆಂಚು

ಹರದನಹಳ್ಳಿಯ ನಮ್ಮ ಮನೆಯಲ್ಲಿ ಮುಂಗಾರಿಗೆ ಮುಂಚೆ ತಪ್ಪದೆ ನಡೆಯುತ್ತಿದ್ದ ಕೆಲಸ ಹೆಂಚು ಕೈಯಾಡಿಸುವುದು. ಒಡೆದದ್ದನ್ನು ತೆಗೆದು, ಜರುಗಿದ್ದನ್ನು ಕೂಡಿಸಿದರೆ ಆ ವರ್ಷದ ಮಳೆಗೆ ಮನೆ ತಡೆಯುತ್ತಿತ್ತು. ಅಜ್ಜ ಕಟ್ಟಿಸಿದ ಮನೆ. ಅದಕ್ಕೆ ವಯಸ್ಸಾಯಿತೆಂದು ಯಾರೂ ಹಾರೆ ಹಿಡಿದು ಬರಲಿಲ್ಲ.

ಈ ಹಳ್ಳಿಯ ವಿವೇಕ ಮೈಸೂರಿನ ಸಯ್ಯಾಜಿರಾವ್ ರಸ್ತೆಗೆ ಏಕೆ ಒದಗಲಿಲ್ಲ?

ದಸರೆಯ ಅಂಬಾರಿ ಅರಮನೆಯಿಂದ ಬನ್ನಿಮಂಟಪಕ್ಕೆ ಸಾಗುವ ರಾಜಬೀದಿ ಇದು. ಇದರ ಮಗ್ಗುಲಲ್ಲಿ ದೇವರಾಜ ಮಾರುಕಟ್ಟೆ. ಹತ್ತಿರದಲ್ಲೇ ಚಿಕ್ಕ ಗಡಿಯಾರ, ವೈಸರಾಯ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದ ನೆನಪಿನ, 1892ರ ಲ್ಯಾನ್ಸ್‌ಡೌನ್ ಕಟ್ಟಡ. ಅಲ್ಲಿಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ, ಕೊಳ್ಳಲು ಕಾಸಿಲ್ಲದೆ, ನಿಂತೇ ಓದಿದವನು ನಾನು. 2012ರ ಆಗಸ್ಟ್‌ನಲ್ಲಿ ಆ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಬಳಿಕ ಒಂದು ತಜ್ಞರ ತಂಡ ದುರಸ್ತಿ ಸಾಧ್ಯವೆಂದಿತು, ಮತ್ತೊಂದು, ಕೆಡವಿರೆಂದಿತು.

‘ಪ್ರಾಣಕ್ಕಿಂತ ಪರಂಪರೆ ದೊಡ್ಡದೆ?’ ಎಂದು ಕೆಡವುವ ಪಕ್ಷದವರು ಕೇಳುತ್ತಾರೆ. ಖಂಡಿತ ಅಲ್ಲ. ಆದರೆ ಆ ಪ್ರಾಣಗಳ ಲೆಕ್ಕವನ್ನು ಕಟ್ಟಡದ ವಯಸ್ಸಿನ ಮೇಲೆ ಬರೆದು ಕೈ ತೊಳೆದುಕೊಳ್ಳುವುದು ನ್ಯಾಯವೆ? ಸುಣ್ಣದ ಗಾರೆಯ ಗೋಡೆ ಒಂದೇ ದಿನಕ್ಕೆ ಸಾಯುವುದಿಲ್ಲ. ಮೊದಲು ತಾರಸಿಯ ನೀರಿನ ದಾರಿ ಕಟ್ಟುತ್ತದೆ. ನೀರು ಒಳಗಿಳಿದು ಗಾರೆ ಸಡಿಲುತ್ತದೆ. ಬಿರುಕಿನಲ್ಲಿ ಅಶ್ವತ್ಥದ ಸಸಿ ಬೇರುಬಿಡುತ್ತದೆ. ಇಷ್ಟಕ್ಕೆಲ್ಲ ವರ್ಷಗಳು ಬೇಕು. ಅಷ್ಟು ವರ್ಷವೂ ನೋಡದಿದ್ದವರು, ಬಿದ್ದ ಮರುದಿನ ಹಾರೆ ಎತ್ತಲು ಮಾತ್ರ ಮುಂದಾಗುತ್ತಾರೆ!

‘ಹಳೆಯ ಮಾದರಿಯಲ್ಲೇ ಹೊಸದು ಕಟ್ಟೋಣ’ ಎಂಬುದು ಇನ್ನೊಂದು ಸಮಾಧಾನ. ವಿಯೆನ್ನಾ ನಗರದ ರಿಂಗ್‌ಸ್ಟ್ರಾಸೆ ಎಂಬ ರಾಜಬೀದಿಯ ಕಥೆ ಕೇಳಿ. ಅಲ್ಲಿಯ 1869ರ ಸಂಗೀತ ನಾಟಕಶಾಲೆಗೆ 1945ರ ಮಾರ್ಚ್‌ನಲ್ಲಿ ಬಾಂಬು ಬಿದ್ದು ರಂಗ, ಸಭಾಂಗಣ ಸುಟ್ಟುಹೋದವು. ಮುಂಭಾಗವೂ ಮಹಾ ಸೋಪಾನವೂ ಉಳಿದವು. ಯುದ್ಧದಲ್ಲಿ ಬಡವಾದ ಆ ಜನ ಉಳಿದುದನ್ನು ಉಳಿಸಿಕೊಂಡು, ಸುಟ್ಟುದನ್ನು ಕಟ್ಟಿ, 1955ರಲ್ಲಿ ಮತ್ತೆ ಬಾಗಿಲು ತೆರೆದರು. ಬಾಂಬು ತಿಂದ ಕಟ್ಟಡಕ್ಕೆ ಸಂದ ಮರ್ಯಾದೆ ಮಳೆ ತಿಂದ ಕಟ್ಟಡಕ್ಕೆ ಸಲ್ಲಬಾರದೆ?

ಹೊಸದನ್ನೇ ಕಟ್ಟಿದರೂ ಅದರ ಮೇಲೂ ಇದೇ ಮಳೆ ಸುರಿಯುತ್ತದೆ. ನೀರು ಸೋರಿದರೆ ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೂ ತುಕ್ಕು ಹಿಡಿಯುತ್ತದೆ. ಮುಂಗಾರಿಗೆ ಮುಂಚೆ ಏಣಿ ಹತ್ತಿ ನೋಡುವವರು ಯಾರು? ಆ ಹೆಸರು ಮೊದಲು ಗೊತ್ತಾಗಲಿ. ಹಾರೆಯ ಮಾತು ಆಮೇಲೆ.