ಹಾಜರಿ ಪುಸ್ತಕದ ಧರ್ಮ

ಧರ್ಮದ ಹೆಸರಿನ ಜಗಳಗಳೆಲ್ಲ ಕೊನೆಗೆ ಬಂದು ನಿಲ್ಲುವುದು ತಲೆಯೆಣಿಕೆಯಲ್ಲಿ. ‘ಅವರು ಹೆಚ್ಚುತ್ತಿದ್ದಾರೆ’ ಎಂಬ ಒಂದು ಮಾತು ಸಾಕು, ನಿನ್ನೆಯವರೆಗೆ ಕೂಡಿ ಉಂಡವರು ಇಂದು ಒಬ್ಬರನ್ನೊಬ್ಬರು ಅನುಮಾನದಿಂದ ನೋಡತೊಡಗುತ್ತಾರೆ. ಈ ಲೆಕ್ಕದ ಹುಚ್ಚು ಎಲ್ಲಿಗೆ ಮುಟ್ಟಿಸುತ್ತದೆ ಎಂಬುದನ್ನು ಅರಿಯಲು ಮಾರ್ಮನ್ನರ ಕತೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ನಮ್ಮ ಬೇವೂರಿನಲ್ಲಿ ಮಾರ್ಮನ್ ಎಂದರೆ ಯಾವುದೋ ಔಷಧಿಯ ಹೆಸರೆಂದುಕೊಂಡಾರು. ಬೆಂಗಳೂರಿಗೆ ಮಾತ್ರ ಅವರು ಹೊಸಬರಲ್ಲ. ಬಿಳಿ ಅಂಗಿ ತೊಟ್ಟು, ಎದೆಗೆ ಹೆಸರಿನ ಬಿಲ್ಲೆ ಸಿಕ್ಕಿಸಿಕೊಂಡು ಇಬ್ಬಿಬ್ಬರಾಗಿ ನಡೆಯುವ ಹುಡುಗರ ಸಭೆ ಇದು. 1993ರಲ್ಲಿ ಬೆಂಗಳೂರು ಇವರ ಪ್ರಚಾರ ಕಾರ್ಯದ ಕೇಂದ್ರವಾಯಿತು. ಭಾರತದಲ್ಲಿ ತಮ್ಮ ಮೊದಲ ಮಂದಿರವನ್ನು ಬೆಂಗಳೂರಿನಲ್ಲೇ ಕಟ್ಟುವುದಾಗಿ 2018ರಲ್ಲಿ ಘೋಷಿಸಿ, 2020ರ ಡಿಸೆಂಬರ್‌ನಲ್ಲಿ ಕೆಲಸ ಶುರುಮಾಡಿದರು. ಇವರ ಪ್ರಚಾರಕರು ಕಲ್ಕತ್ತೆಗೆ ಬಂದಿಳಿದದ್ದು 1850ರ ದಶಕದಲ್ಲಿ. ಇಷ್ಟು ಕಾಲದ ಮೇಲೂ ದೇಶದಲ್ಲೆಲ್ಲ ಇವರ ಸಂಖ್ಯೆ ಹದಿನೈದು ಸಾವಿರದ ಆಸುಪಾಸು. ನಮ್ಮ ಕೊಪ್ಪಳದ ಗವಿಮಠದ ತೇರಿನ ದಿನ ಸೇರುವ ಜನದ ಒಂದು ಮೂಲೆಗೂ ಇದು ಸಾಲದು.

ಅಮೆರಿಕದಲ್ಲಿ ಈ ಪಂಥ ಹುಟ್ಟಿದ್ದು 1830ರಲ್ಲಿ. ಇವರು ಗುಂಪಾಗಿ ನೆಲೆಸುತ್ತಾರೆ, ಗುಂಪಾಗಿ ಓಟು ಹಾಕುತ್ತಾರೆ, ಊರನ್ನೇ ನುಂಗುತ್ತಾರೆ ಎಂಬ ಭಯ ಅಕ್ಕಪಕ್ಕದವರನ್ನು ಹಿಡಿಯಿತು. 1838ರಲ್ಲಿ ಮಿಸೌರಿಯ ಗವರ್ನರ್ ಬಾಗ್ಸ್, ಇವರನ್ನು ನಿರ್ನಾಮ ಮಾಡಬೇಕು ಇಲ್ಲವೇ ರಾಜ್ಯದಿಂದ ಓಡಿಸಬೇಕೆಂದು ಸರಕಾರಿ ಆಜ್ಞೆಯನ್ನೇ ಹೊರಡಿಸಿದ. 1844ರಲ್ಲಿ ಇವರ ಪ್ರವಾದಿ ಜೋಸೆಫ್ ಸ್ಮಿತ್‌ನನ್ನು ದೊಂಬಿಯೊಂದು ಜೈಲಿಗೆ ನುಗ್ಗಿ ಕೊಂದಿತು. ಉಳಿದವರು 1847ರಲ್ಲಿ ಉಟಾದ ಬರಡು ಕಣಿವೆ ಸೇರಿದರು. ಬಾಗ್ಸನ ಆಜ್ಞೆ ರದ್ದಾದದ್ದು 1976ರಲ್ಲಿ.

ದೊಂಬಿ ಬಿಟ್ಟದ್ದನ್ನು ಕಾನೂನು ಪೂರೈಸಿತು. ಮಾರ್ಮನ್ನರಲ್ಲಿ ಆಗ ಬಹುಪತ್ನಿತ್ವವಿತ್ತು. ಹೆಣ್ಣಿಗೆ ಅನ್ಯಾಯವಾಗುವಲ್ಲಿ ಕಾನೂನು ಕೈಹಾಕಬೇಕು, ಮುಸಲ್ಮಾನನಾಗಿ ಇದನ್ನು ನಾನು ಯಾವ ಸಂಕೋಚವೂ ಇಲ್ಲದೆ ಬರೆಯುತ್ತೇನೆ. ಆದರೆ ಐಡಾಹೊ ಪ್ರಾಂತದ ಕಾನೂನು ಅಷ್ಟಕ್ಕೆ ನಿಲ್ಲಲಿಲ್ಲ. ಬಹುಪತ್ನಿತ್ವವನ್ನು ಬೋಧಿಸುವ ಸಂಸ್ಥೆಯ ಸದಸ್ಯ ತಾನಲ್ಲವೆಂದು ಪ್ರಮಾಣ ಮಾಡಿದವನಿಗೆ ಮಾತ್ರ ಓಟು ಎಂದಿತು. ನೀನು ಎಷ್ಟು ಮದುವೆಯಾಗಿದ್ದೀಯ ಎಂಬ ಪ್ರಶ್ನೆಯನ್ನು ದಾಟಿ, ನಿನ್ನ ಹೆಸರು ಯಾವ ಪುಸ್ತಕದಲ್ಲಿದೆ ಎಂದು ಕೇಳಿತು. 1890ರ ಡೇವಿಸ್ ವಿರುದ್ಧ ಬೀಸನ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ಸರಿಯೆಂದಿತು. ಓಟು ಕಸಿಯುವ ಆ ಮಾತು ಇನ್ನು ಸಲ್ಲದೆಂದು ಅದೇ ಕೋರ್ಟು ಹೇಳಿದ್ದು 1996ರಲ್ಲಿ.

ಆ ತೀರ್ಪು ನಮ್ಮ ಉಡುಪಿಯವರೆಗೂ ಬಂದಿತ್ತು. ಶಿರೂರು ಮಠದ ಆಡಳಿತದಲ್ಲಿ ಮದ್ರಾಸ್ ಸರಕಾರ ಕೈಹಾಕಿದಾಗ ಸ್ವಾಮಿಗಳು ಕೋರ್ಟಿಗೆ ಹೋದರು. 1954ರಲ್ಲಿ ಆ ಮೊಕದ್ದಮೆ ನಮ್ಮ ಸುಪ್ರೀಂ ಕೋರ್ಟಿನ ಮುಂದಿದ್ದಾಗ ಡೇವಿಸ್ ತೀರ್ಪಿನ ಧರ್ಮದ ವ್ಯಾಖ್ಯೆಯೂ ಚರ್ಚೆಗೆ ಬಂತು. ಧರ್ಮವೆಂದರೆ ಮನುಷ್ಯ ತನ್ನ ಸೃಷ್ಟಿಕರ್ತನ ಬಗ್ಗೆ ಇಟ್ಟುಕೊಂಡ ಭಾವನೆ, ಅಷ್ಟೇ ಎಂಬುದು ಅದರ ಸಾರ. ನ್ಯಾಯಮೂರ್ತಿ ಮುಖರ್ಜಿಯವರು ಅದು ಸಾಲದೆಂದರು. ಆಚಾರ, ವಿಧಿ, ಉಡುಗೆ, ಊಟ ಕೂಡ ಧರ್ಮದ ಭಾಗವಾಗಬಹುದೆಂದರು. ಮಾರ್ಮನ್ನರಿಗೆ ಅಲ್ಲಿ ಸಿಗದ ಅಗಲ, ಮಾಧ್ವ ಮಠವೊಂದಕ್ಕೆ ಇಲ್ಲಿ ಸಿಕ್ಕಿತು. ಅದರ ನೆರಳಲ್ಲಿ ನಾವೆಲ್ಲರೂ ಇದ್ದೇವೆ.

ಇಂಥ ತೀರ್ಪಿನ ನಾಡು 2022ರಲ್ಲಿ ಮತಾಂತರದ ಕಾನೂನು ತಂದಿತು. ಬೇವೂರಿನ ಒಬ್ಬ ಮನುಷ್ಯ ಧರ್ಮ ಬದಲಿಸಬೇಕೆಂದರೆ ಮೂವತ್ತು ದಿನ ಮೊದಲೇ ಕೊಪ್ಪಳದ ಜಿಲ್ಲಾಡಳಿತಕ್ಕೆ ಅರ್ಜಿ ಕೊಡಬೇಕು. ಅವನ ಹೆಸರು ಯಲಬುರ್ಗಾ ತಹಶೀಲ್ದಾರ್ ಕಚೇರಿಯ ಗೋಡೆಗೆ ಅಂಟಬೇಕು. ಊರವರಿಂದ ತಕರಾರು ಕರೆಯಬೇಕು. ಆಪಾದನೆ ಬಂದರೆ ತಪ್ಪಿಲ್ಲವೆಂದು ತೋರಿಸುವ ಹೊಣೆ ಆಪಾದಿತನದೇ. 2023ರ ಜೂನ್‌ನಲ್ಲಿ ಹೊಸ ಸರಕಾರದ ಸಂಪುಟ ಇದನ್ನು ರದ್ದುಪಡಿಸಲು ತೀರ್ಮಾನಿಸಿತು. ಆದರೆ ಗೋಡೆಗೆ ಹೆಸರು ಅಂಟಿಸಬೇಕೆಂಬ ಮನಸ್ಸು ಸಂಪುಟದ ತೀರ್ಮಾನದಿಂದ ರದ್ದಾಗುವುದಿಲ್ಲ. ಈ ಮನಸ್ಸಿನವರು ಒಂದು ಲೆಕ್ಕ ನೋಡಲಿ: ಕರ್ನಾಟಕದಲ್ಲಿ ಕ್ರೈಸ್ತರು 2001ರ ಜನಗಣತಿಯಲ್ಲಿ ಶೇಕಡಾ 1.91, 2011ರಲ್ಲಿ 1.87. ಇದು ಯಾವ ಪ್ರವಾಹ?

ಉಟಾದ ಸ್ಪ್ಯಾನಿಷ್ ಫೋರ್ಕ್‌ನಲ್ಲಿ ರಾಧಾಕೃಷ್ಣ ದೇವಸ್ಥಾನವಿದೆ. ಅದನ್ನು ಕಟ್ಟುವಾಗ ಮಾರ್ಮನ್ನರು ಹಣ ಕೊಟ್ಟರು, ಬಂದು ಕೈಜೋಡಿಸಿದರು. ಅಲ್ಲಿನ ಹೋಳಿಯಲ್ಲಿ ಬಣ್ಣ ಎರಚುವವರಲ್ಲಿ ಮಾರ್ಮನ್ ಹುಡುಗ ಹುಡುಗಿಯರೇ ಹೆಚ್ಚು. ಅದರ ಚಿತ್ರ ನೋಡಿ ಹಿಗ್ಗುವ ನಾವು, ನಮ್ಮ ಬೀದಿಯಲ್ಲಿ ಒಂದು ಪ್ರಾರ್ಥನಾ ಮನೆ ಎದ್ದರೆ ಪರವಾನಗಿ ಕೇಳಲು ಗುಂಪುಗೂಡುವುದು ಯಾವ ನ್ಯಾಯ?

ಮಾರ್ಮನ್ನರು ಸಾಧುಗಳೆಂದು ಇದರರ್ಥವಲ್ಲ. 1978ರವರೆಗೆ ಕರಿಯರಿಗೆ ಅವರಲ್ಲಿ ಪೌರೋಹಿತ್ಯವಿರಲಿಲ್ಲ. ತಾವು ಒಂದು ಕೋಟಿ ಎಪ್ಪತ್ತು ಲಕ್ಷ ಮಂದಿ ಎನ್ನುವ ಅವರ ಲೆಕ್ಕದಲ್ಲಿ, ಸಭೆಗೆ ಬರುವುದನ್ನು ಎಂದೋ ಬಿಟ್ಟವರೂ ಇದ್ದಾರೆ. ಸತ್ತವರಿಗೂ ಬದಲಿ ದೀಕ್ಷಾಸ್ನಾನ ಮಾಡಿಸುವ ಪದ್ಧತಿ ಅವರದು. ಹಿಟ್ಲರ್ ಕೊಲ್ಲಿಸಿದ ಯಹೂದಿಗಳ ಹೆಸರಿಗೂ ಅದು ನಡೆದು, ಯಹೂದಿಗಳು ಸಿಡಿದೆದ್ದ ಮೇಲೆ 1995ರಲ್ಲಿ ಒಪ್ಪಂದವಾಯಿತು. ಗಾಂಧೀಜಿಯ ಹೆಸರಿಗೂ ಹಾಗೆ ಮಾಡಿದ್ದರೆಂದು 2012ರಲ್ಲಿ ವರದಿಯಾಯಿತು. ಬದುಕಿದ್ದವರನ್ನು ಪಟ್ಟಿಯಿಂದ ಹೊಡೆದುಹಾಕುವವರೂ ಸತ್ತವರನ್ನು ಪಟ್ಟಿಗೆ ಎಳೆಯುವವರೂ ಒಂದೇ ರೋಗದ ರೋಗಿಗಳು.

ನಮ್ಮ ಸೀಮೆಯಲ್ಲಿ ಅಲಾಯಿ ಕುಣಿಯುವವನ ಜಾತಿ ಯಾರೂ ಕೇಳಿಲ್ಲ. ಗವಿಮಠದ ದಾಸೋಹಕ್ಕೆ ಕೂತವನ ಸದಸ್ಯತ್ವದ ಚೀಟಿಯನ್ನೂ ಯಾರೂ ನೋಡಿಲ್ಲ. ಯಾರಾದರೂ ಒತ್ತಾಯಿಸಿದರೆ, ವಂಚಿಸಿದರೆ, ಹೊಡೆದರೆ ಆ ಕೃತ್ಯವನ್ನು ಶಿಕ್ಷಿಸಲು ಕಾನೂನಿದೆ, ಶಿಕ್ಷಿಸಲಿ. ಮನುಷ್ಯನ ಹೆಸರು ಯಾವ ಪುಸ್ತಕದಲ್ಲಿದೆ ಎಂದು ಹುಡುಕುವ ಕೆಲಸವನ್ನು ಸರಕಾರವೂ ಬಿಡಲಿ, ಚರ್ಚು, ಮಠ, ಮಸೀದಿಗಳೂ ಬಿಡಲಿ.